ಮನೆ ಮುಟ್ಟದ ಟ್ಯಾಂಕು

ಮೊನ್ನೆ ಬಸ್ ಸ್ಟ್ಯಾಂಡ್ ಎದುರು ಮೊಮ್ಮಗನಿಗೆಂದು ಅಂಗೈಯಗಲದ ಟ್ಯಾಂಕ್ ಕೊಂಡೆ. ಮಡಚಿದರೆ ಟ್ಯಾಂಕು, ಬಿಡಿಸಿದರೆ ರೋಬೋ. ಬಸ್ಸು ಊರು ಮುಟ್ಟುವುದರೊಳಗೆ ರೋಬೋ ಸಾಹೇಬನ ಕಾಲು ಕಿತ್ತು ಬಂತು. ಯುದ್ಧವೇ ಆಗಿಲ್ಲ ಸ್ವಾಮಿ, ಸಿಪಾಯಿ ಆಗಲೇ ಆಸ್ಪತ್ರೆಗೆ!

ಇಂಥ ಆಟಿಕೆಯೇ ಕೆಟ್ಟದ್ದು ಅಂತಲ್ಲ. ಜಪಾನಿನ ಟಕಾರಾ ಕಂಪನಿಯ ಗೊಂಬೆಗಳನ್ನು ಅಮೆರಿಕದ ಹ್ಯಾಸ್‌ಬ್ರೊ 1984ರಲ್ಲಿ ‘ಟ್ರಾನ್ಸ್‌ಫಾರ್ಮರ್ಸ್’ ಎಂದು ಮಾರಿತು. 1986ರಲ್ಲಿ ಬಂದ ತಂಡವೊಂದರ ಟ್ಯಾಂಕು, ಜೀಪು, ಹೆಲಿಕಾಪ್ಟರ್ ಮೊದಲಾದ ಐದೂ ಕೂಡಿದರೆ ಒಬ್ಬನೇ ದೈತ್ಯ. ಮಕ್ಕಳಿಗೆ ರುಚಿಸೋದು ತೋಪಲ್ಲ, ಯಾವ ಕೀಲು ಎತ್ತ ತಿರುಗುತ್ತೆ ಅನ್ನೋ ಒಗಟು. ಕೀಲೇ ಮುರಿದರೆ ಉಳಿಯೋದು ಪ್ಲಾಸ್ಟಿಕ್ ಚೂರು. ಎಳೆಮಕ್ಕಳ ಗಂಟಲಿಗೆ ಅಪಾಯ.

2021ರ ಜನವರಿ 1ರಿಂದ ಇಂಥ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನನ್ನ ಟ್ಯಾಂಕಿನ ಡಬ್ಬಿಯ ಮೇಲೆ ಅದರ ಸುಳಿವೇ ಇಲ್ಲ. ಅಂಗಡಿ ಯಜಮಾನರೇ, ಗುರುತಿಲ್ಲದ ಮಾಲು ಇಡಬೇಡಿ. ಕಾಸು ಎಣಿಸುವ ಮುಂಚೆ ಒಂದ್ಸಲ ಬಿಡಿಸಿ, ಮಡಚಿ ತೋರಿಸಿ. ಕೊಳ್ಳುವವರೇ, ಬಸ್ಸು ಹಾರ್ನ್ ಹೊಡೀತು ಅಂತ ಅವಸರಪಡಬೇಡಿ. ಮೂರು ವರ್ಷದೊಳಗಿನ ಕೂಸಿನ ಕೈಗಂತೂ ಕೊಡಲೇಬೇಡಿ.

ಟ್ಯಾಂಕು ಯುದ್ಧ ಗೆಲ್ಲದಿದ್ದರೂ ಚಿಂತೆಯಿಲ್ಲ. ಮುರೀದೆ ಮನೆ ಮುಟ್ಟಲಿ, ಸಾಕು.