ನ್ಯಾಯಪಾಲನೆಯ ಉದ್ಯೋಗವೂ ನಮ್ಮ ಹೆಣ್ಣುಮಕ್ಕಳೂ

ಮುಂದೆ ಏನಾಗುವಿರೆಂದು ಹತ್ತನೆಯ ತರಗತಿಯ ಹುಡುಗಿಯರನ್ನು ಕೇಳಿದರೆ, ಉಪಾಧ್ಯಾಯಿನಿ, ದಾದಿ, ವೈದ್ಯೆ ಎಂಬ ಉತ್ತರಗಳು ಬರುವುದು ವಾಡಿಕೆ. ಈ ವರುಷ ಒಬ್ಬಳು ಮಾತ್ರ ಎದ್ದುನಿಂತು, ತಾನು ಪೋಲೀಸು ಇಲಾಖೆಗೆ ಸೇರುವೆನೆಂದಳು. ತರಗತಿಯೆಲ್ಲ ನಕ್ಕಿತು. ಕೆಲವು ದಿನಗಳ ತರುವಾಯ ಆಕೆಯ ತಂದೆಯವರು ಬಂದು, ಕಳ್ಳಕಾಕರೊಡನೆ ವ್ಯವಹರಿಸುವ ಕೆಲಸವು ಮಾನವಂತರ ಮನೆಯ ಹೆಣ್ಣಿಗೆ ಒಪ್ಪುವುದೇ ಎಂದು ನನ್ನನ್ನು ಕೇಳಿದರು. ಅವರಿಗೆ ಕೊಟ್ಟ ಉತ್ತರವನ್ನೇ ಎಲ್ಲ ತಂದೆತಾಯಿಗಳ ಮುಂದಿಡುತ್ತೇನೆ.

ಮಾನವೆಂಬ ಮಾತಿನಿಂದಲೇ ಆರಂಭಿಸೋಣ. ಅನ್ಯಾಯಕ್ಕೊಳಗಾದ ಹೆಂಗಸು ಠಾಣೆಯ ಮೆಟ್ಟಲೇರಿದಾಗ ತನ್ನ ದುಃಖವನ್ನು ಯಾರೊಡನೆ ಹೇಳಿಕೊಳ್ಳಬೇಕು? 2024ನೆಯ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಪ್ರಕರಣವು, ಬಲಾತ್ಕಾರವೇ ಮೊದಲಾದ ಅಪರಾಧಗಳಿಗೆ ಗುರಿಯಾದ ಸ್ತ್ರೀಯು ತಾನೇ ಬಂದು ದೂರು ಹೇಳಿದರೆ, ಅದನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳತಕ್ಕದ್ದೆಂದು ವಿಧಿಸಿದೆ. ಸ್ತ್ರೀಯ ಮೈಯನ್ನು ಶೋಧಿಸಬೇಕಾದರೂ ಸ್ತ್ರೀಯೇ ಶೋಧಿಸಬೇಕು. ಹೀಗೆ ಕಾನೂನು ಪೀಠವನ್ನು ಹಾಕಿಟ್ಟಿದೆ. ಅದರಲ್ಲಿ ಕುಳ್ಳಿರುವವರು ಯಾರು? ನೆರೆಮನೆಯವರ ಮಗಳು ಹೋಗಲಿ, ನಮ್ಮ ಮಗಳು ಬೇಡವೆಂದು ಎಲ್ಲರೂ ಹೇಳಿದರೆ, ಆ ಪೀಠವು ಬರಿದಾಗಿಯೇ ಉಳಿಯುವುದು.

ಈ ಬಾಗಿಲು ಸುಲಭವಾಗಿ ತೆರೆದುದಲ್ಲ. ಕುಮಾರಿ ಕಾರ್ನೀಲಿಯಾ ಸೊರಾಬ್ಜಿಯವರು 1892ರಲ್ಲಿಯೇ ಆಕ್ಸ್‌ಫರ್ಡಿನಲ್ಲಿ ನ್ಯಾಯಶಾಸ್ತ್ರದ ಪರೀಕ್ಷೆಗೆ ಕುಳಿತರು. ಆದರೆ ಹೆಂಗಸೆಂಬ ಕಾರಣದಿಂದ ಯಾರಿಗೂ ವಕೀಲಿಯನ್ನು ನಿರಾಕರಿಸಕೂಡದೆಂಬ ಕಾನೂನು ನಮ್ಮ ದೇಶದಲ್ಲಿ ಆದುದು 1923ರಲ್ಲಿ. ಶ್ರೀಮತಿ ಅನ್ನಾ ಚಾಂಡಿಯವರು 1937ರಲ್ಲಿ ತಿರುವಾಂಕೂರಿನಲ್ಲಿ ಮುನ್ಸೀಫರಾಗಿ, 1959ರಲ್ಲಿ ಕೇರಳದ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. ಶ್ರೀಮತಿ ಕಿರಣ್ ಬೇಡಿಯವರು 1972ರಲ್ಲಿ ಭಾರತೀಯ ಪೋಲೀಸು ಸೇವೆಯನ್ನು ಸೇರಿದ ಮೊದಲನೆಯ ಮಹಿಳೆಯಾದರು. ಇವರು ಕಷ್ಟದಿಂದ ತೆರೆದ ಬಾಗಿಲನ್ನು ನಾವು ಒಳಗಿನಿಂದ ಮುಚ್ಚುವುದು ತರವೇ?

ಇದಲ್ಲದೆ, ಈ ಕ್ಷೇತ್ರವೆಂದರೆ ಲಾಠಿಯೂ ಖಾಕಿಯೂ ಮಾತ್ರವೆಂದು ತಿಳಿಯಬಾರದು. ವಿಜ್ಞಾನದಲ್ಲಿ ಆಸಕ್ತಿಯುಳ್ಳವಳಿಗೆ ರಕ್ತದ ಕಲೆಯನ್ನೂ ಬೆರಳಚ್ಚನ್ನೂ ಪರೀಕ್ಷಿಸುವ ಪ್ರಯೋಗಶಾಲೆಯುಂಟು. ಏಳು ವರುಷ ಅಥವಾ ಅದಕ್ಕೆ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ಇಂಥ ತಜ್ಞರು ಸ್ಥಳಕ್ಕೇ ಹೋಗಬೇಕೆಂದು ಮೇಲೆ ಹೇಳಿದ ಸಂಹಿತೆಯ 176ನೆಯ ಪ್ರಕರಣವು ವಿಧಿಸಿ, ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರುಷಗಳ ಅವಧಿಯನ್ನು ಕೊಟ್ಟಿದೆ. ವಾಕ್ಚಾತುರ್ಯವುಳ್ಳವಳು ಪಿ.ಯು.ಸಿ. ಆದೊಡನೆ ಐದು ವರುಷದ ನ್ಯಾಯಶಾಸ್ತ್ರದ ತರಗತಿಗೆ ಸೇರಬಹುದು. ಮರುಕವುಳ್ಳವಳು ಸಮಾಜಕಾರ್ಯವನ್ನು ಕಲಿತು, ದಾರಿತಪ್ಪಿದ ಬಾಲಕರನ್ನು ತಿದ್ದುವ ಪರಿವೀಕ್ಷಣಾಧಿಕಾರಿಯಾಗಬಹುದು.

ಆದರೆ ತರಬೇತಿಯು ಅಲ್ಲಿ ಆರಂಭವಾಗುವುದಲ್ಲ, ಇಲ್ಲಿಯೇ ಆರಂಭವಾಗುವುದೆಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರಯೋಗದ ಪುಸ್ತಕದಲ್ಲಿ ಕಂಡುದನ್ನು ಮಾತ್ರ ಬರೆದು, ಪಕ್ಕದವಳ ಉತ್ತರವನ್ನು ನೋಡಿ ತಿದ್ದದೆ ಇರುವ ಹುಡುಗಿಯು ಸಾಕ್ಷ್ಯದ ಮೊದಲನೆಯ ಪಾಠವನ್ನು ಕಲಿತಿದ್ದಾಳೆ. ಗೆಳತಿಯರ ಜಗಳದಲ್ಲಿ ಇಬ್ಬರ ಮಾತನ್ನೂ ಕೇಳುವ ತನಕ ತೀರ್ಪು ಹೇಳದವಳು ಎರಡನೆಯದನ್ನು ಕಲಿತಿದ್ದಾಳೆ. ಆಪಾದಿತನೂ ಮನುಷ್ಯನೇ ಎಂಬ ಅರಿವು ಮೂರನೆಯದು. ಅದಿಲ್ಲದವಳಿಗೆ ಅಧಿಕಾರ ದೊರೆಯದಿರುವುದೇ ಲೇಸು.

ರಾತ್ರಿಯ ಕೆಲಸ, ಪದೇಪದೇ ವರ್ಗ, ಜನರ ನಿಂದೆ, ಇವು ಇಲ್ಲವೆಂದು ನಾನು ಹೇಳಲಾರೆ. ದಾದಿಯ ವೃತ್ತಿಯಲ್ಲಿಯೂ ಇವೆಲ್ಲ ಇದ್ದವು. ಆದರೂ ಅದನ್ನು ಹೀನವೆಂದು ಇಂದು ಯಾರೂ ಹೇಳರು. ಆದಕಾರಣ ತಂದೆತಾಯಿಗಳಲ್ಲಿ ನನ್ನ ಬಿನ್ನಹವಿಷ್ಟೇ: ನಿಮ್ಮ ಮಗಳು ಇಂಥ ಆಸೆಯನ್ನು ಹೇಳಿದರೆ ನಗಬೇಡಿರಿ, ಬೆದರಿಸಲೂ ಬೇಡಿರಿ. ಆಕೆಗೆ ಸತ್ಯವನ್ನು ನುಡಿಯುವ ಅಭ್ಯಾಸವಿದೆಯೇ ಎಂದು ಮಾತ್ರ ನೋಡಿರಿ. ಇದ್ದರೆ, ಧೈರ್ಯವಾಗಿ ಕಳುಹಿಸಿರಿ.