‘ಆನೆ ಸತ್ತವು’ ಅಂತ ಬರೀಬ್ಯಾಡ್ರಿ, ಕೊಂದವರ ಹೆಸರು ಬರೀರಿ



ಹೋದ ಭಾನುವಾರ ಇಳಕಲ್ಲಿನ ನಮ್ಮ ಸಣ್ಣ ಕವಿಗೋಷ್ಠಿಯಲ್ಲಿ ಶುರುವಾದ ಜಗಳ ಇನ್ನೂ ವಾಟ್ಸ್ಯಾಪ್ ಗುಂಪಿನ್ಯಾಗ ನಡದೈತಿ. ಅದಕ್ಕ ಇಷ್ಟು ಉದ್ದ ಬರೀತಿದ್ದೀನಿ, ಪುರಸೊತ್ತು ಮಾಡ್ಕೊಂಡು ಓದ್ರಿ.

ಹುನಗುಂದದ ಒಬ್ಬ ತಂಗಿ ಗಾಜಾದ ಕತ್ತೆಗಳ ಮೇಲೆ ಕವಿತೆ ಓದಿದಳು. 2008-09ರ ದಾಳಿಯ ಹೊತ್ತಿನಲ್ಲಿ ಗಾಜಾದ ಒಂದು ಮೃಗಾಲಯದ ಜೀಬ್ರಾಗಳು ಉಪವಾಸ ಬಿದ್ದು ಸತ್ತವು. ದಿಗ್ಬಂಧನದೊಳಗೆ ಬೇರೆ ಜೀಬ್ರಾ ಎಲ್ಲಿಂದ ತರಬೇಕು? ಎರಡು ಬಿಳಿ ಕತ್ತೆಗಳಿಗೆ ಕೂದಲ ಬಣ್ಣದಿಂದ ಕರಿ ಪಟ್ಟೆ ಬರೆದು ಮಕ್ಕಳಿಗೆ ತೋರಿಸಿದರು. ಕಟ್ಟುಕತೆ ಅಲ್ಲ ಇದು, ಆಗ ಪತ್ರಿಕೆಗಳಲ್ಲಿ ಫೋಟೊ ಬಂದಿದ್ದವು. ತಂಗಿ ಓದಿ ಕೂಡೂದರೊಳಗ ಒಬ್ಬ ಹಿರಿಯ ಅಣ್ಣ ಎದ್ದು ನಿಂತು, ‘ಅಲ್ಲಿ ಕೂಸುಗಳು ಸಾಯಾಕತ್ತಾವ, ನಿನಗ ಕತ್ತೆ ಚಿಂತಿ ಏನವ್ವಾ?’ ಅಂದ್ರು.

ಅಣ್ಣನ ಸಿಟ್ಟು ಸುಮ್ಮನೆ ಬಂದದ್ದಲ್ಲ. 1927ರಲ್ಲಿ ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗೆ ಯಾಕೆ ಹೋಗಬೇಕಾಯ್ತು? ದನ, ನಾಯಿ ಕುಡಿಯೋ ನೀರನ್ನ ನಮ್ಮವರು ಮುಟ್ಟೋ ಹಾಗಿರಲಿಲ್ಲ. 2016ರಲ್ಲಿ ಊನಾದಲ್ಲಿ ಸತ್ತ ದನದ ಚರ್ಮ ಸುಲಿದದ್ದಕ್ಕೆ ನಮ್ಮ ಹುಡುಗರನ್ನ ಗಾಡಿಗೆ ಕಟ್ಟಿ ಬಡಿದರು. ಈ ದೇಶದ ಪ್ರಾಣಿದಯೆ ನಮ್ಮ ಬೆನ್ನ ಮೇಲೆ ಬಾಸುಂಡೆಯಾಗಿ ಬಂದದ್ದೇ ಹೆಚ್ಚು. ಹಂಗಿದ್ರೂ ಈ ವಿಷಯದಲ್ಲಿ ನಾನು ತಂಗಿಯ ಕಡೆ. ಪಂಜರದ ಪ್ರಾಣಿಗೆ ಯುದ್ಧದಾಗ ಪಕ್ಷ ಇರೂದಿಲ್ಲ, ಓಡಿಹೋಗೋ ದಾರಿನೂ ಇರೂದಿಲ್ಲ. ಅದರ ಬಗ್ಗೆ ಬರೆದರೆ ಕೂಸುಗಳ ಲೆಕ್ಕ ಕಡಿಮೆ ಆಗೂದಿಲ್ಲ. ನನ್ನ ತಕರಾರು ಬೇರೆ. ಇಂಥ ಕವಿತೆಗಳಲ್ಲಿ ಪ್ರಾಣಿಗಳು ‘ಸಾಯ್ತಾವ’. ಕೊಲ್ಲೋರು ಯಾರೂ ಇರೂದಿಲ್ಲ.

ಇದಕ್ಕೆ ಜಪಾನಿನ ಉದಾಹರಣೆ ಹೇಳತೀನಿ. ಟೋಕಿಯೊದ ಉಯೆನೊ ಮೃಗಾಲಯದಲ್ಲಿ ಮೂರು ಆನೆಗಳಿದ್ದವು: ಜಾನ್, ವಾನ್ರಿ, ಟೊಂಕಿ. 1943ರ ಆಗಸ್ಟ್‌ನಲ್ಲಿ ಟೋಕಿಯೊದ ಗವರ್ನರ್ ಒದಾಚಿ ಶಿಗೆಒ ಆದೇಶ ಹೊರಡಿಸಿದ. ಅಪಾಯಕಾರಿ ಪ್ರಾಣಿಗಳನ್ನೆಲ್ಲ ಕೊಲ್ಲಬೇಕು, ಬಾಂಬ್ ಬಿದ್ದು ಪಂಜರ ಒಡೆದರೆ ಅವು ಊರೊಳಗೆ ನುಗ್ಗುತ್ತವೆ ಅಂತ. ಹುಲಿ, ಸಿಂಹ, ಕರಡಿಗಳಿಗೆ ವಿಷ ಹಾಕಿದರು. ಆನೆಗಳಿಗೆ ಅನ್ನ ನೀರು ಬಂದ್ ಮಾಡಿದರು. ಜಾನ್ ಆಗಸ್ಟ್ 29ಕ್ಕೆ ಸತ್ತಿತು, ವಾನ್ರಿ ಸೆಪ್ಟೆಂಬರ್ 11ಕ್ಕೆ, ಟೊಂಕಿ 23ಕ್ಕೆ. ಕಲಿಸಿದ ಆಟಗಳನ್ನ ಮಾಡಿ ತೋರಿಸಿದರೆ ತಿನ್ನೋಕೆ ಕೊಡ್ತಾರೆ ಅಂತ ಆ ಎರಡು ಹೆಣ್ಣಾನೆಗಳು ನಿಲ್ಲೋ ತ್ರಾಣ ಇರೋತನಕ ಕಾಲು ಎತ್ತಿ, ಸೊಂಡಿಲು ಎತ್ತಿ ತೋರಿಸಿದವು.

ಈಗ ಒಂದು ತಾರೀಖು ನೋಡ್ರಿ. ಸೆಪ್ಟೆಂಬರ್ 4. ಅವತ್ತು ಮೃಗಾಲಯದಲ್ಲಿ ಸತ್ತ ಪ್ರಾಣಿಗಳಿಗೆ ಶ್ರದ್ಧಾಂಜಲಿ ಸಭೆ. ಬೌದ್ಧ ಗುರುಗಳು ಬಂದು ಮಂತ್ರ ಹೇಳಿದರು. (ಹೌದು, ಬೌದ್ಧ ಗುರುಗಳೇ. ನಮಗ ಇದು ಚುಚ್ಚಬೇಕು.) ಶಾಲೆ ಮಕ್ಕಳು ಕೂತಿದ್ದರು, ಗವರ್ನರನೂ ಬಂದಿದ್ದ. ಟೊಂಕಿ, ವಾನ್ರಿ ಇನ್ನೂ ಜೀವಂತ ಇದ್ದವು! ಆನೆಮನೆಗೆ ಪರದೆ ಕಟ್ಟಿ ಮುಚ್ಚಿದ್ದರು. ಪರದೆಯ ಈ ಕಡೆ ಕಣ್ಣೀರು, ಆ ಕಡೆ ಹಸಿದ ಆನೆ.

ಟೋಕಿಯೊ ಮೇಲೆ ಆಗ ಬಾಂಬ್ ಮಳೆ ಸುರೀತಿತ್ತೇನು? ಇಲ್ಲ. 1942ರ ಏಪ್ರಿಲ್‌ನಲ್ಲಿ ಅಮೆರಿಕದ ಕೆಲವು ವಿಮಾನ ಒಂದ್ಸಲ ಬಂದು ಹೋಗಿದ್ದವು, ಅಷ್ಟೇ. ದೊಡ್ಡ ದಾಳಿಗಳು ಶುರುವಾದದ್ದು 1944ರ ನವೆಂಬರ್‌ನಲ್ಲಿ, ಆನೆ ಸತ್ತು ವರ್ಷ ದಾಟಿದ ಮೇಲೆ. ಸೆಂಡೈ ಊರಿನ ಮೃಗಾಲಯಕ್ಕೆ ಆನೆ ಕಳಿಸೋ ಮಾತುಕತೆ ನಡೆದಿತ್ತು, ಗವರ್ನರ್ ತಡೆದ. ಯುದ್ಧದ ಗಂಭೀರತೆ ಜನಕ್ಕೆ ಗೊತ್ತಾಗಬೇಕು, ತ್ಯಾಗಕ್ಕೆ ಮನಸ್ಸು ಗಟ್ಟಿ ಮಾಡ್ಕೋಬೇಕು ಅನ್ನೋದು ಅವನ ಲೆಕ್ಕ. ಅದೇ ದೇಶ, ಅದೇ ಯುದ್ಧ, ನಗೋಯಾ ಊರಿನ ಹಿಗಾಶಿಯಾಮಾ ಮೃಗಾಲಯದಲ್ಲಿ ಎರಡು ಆನೆ ಕೊನೆತನಕ ಬದುಕಿ ಉಳಿದವು. ಅಲ್ಲಿನ ಮುಖ್ಯಸ್ಥ ಕಿತಾಓ ಎಇಚಿ ಕೊಲ್ಲೋಕೆ ಒಪ್ಪಲಿಲ್ಲ.

1951ರಲ್ಲಿ ತ್ಸುಚಿಯಾ ಯುಕಿಒ ಅನ್ನೋ ಲೇಖಕ ಈ ಮೂರು ಆನೆಗಳ ಮೇಲೆ ಮಕ್ಕಳ ಕತೆ ಬರೆದ. ಯುದ್ಧ ಬೇಡ ಅಂತ ಹೇಳೋ ಕತೆ, ಮನಸ್ಸು ಕರಗತೈತಿ. ಜಪಾನ್ ಶರಣಾದ ಆಗಸ್ಟ್ 15ಕ್ಕೆ ವರ್ಷಾ ರೇಡಿಯೊದಲ್ಲಿ ಓದತಿದ್ದರು. ಆದರೆ ಆ ಕತೆಯಲ್ಲಿ ಬಾಂಬ್ ಬೀಳ್ತಿರೋವಾಗಲೇ ಆನೆ ಸಾಯ್ತಾವ. ಓದಿದ ಮಕ್ಕಳಿಗೆ ಸಿಗೋ ಅಪರಾಧಿ ಆಕಾಶದಾಗಿನ ವಿಮಾನ. ಮೇಜಿನ ಹಿಂದೆ ಕೂತು ಸಹಿ ಹಾಕಿದ ಒದಾಚಿ ಕಾಣಿಸೂದಿಲ್ಲ.

ಈ ವ್ಯಾಕರಣ ನಮಗೆ ಹೊಸದಲ್ಲ. 2000ನೇ ಇಸವಿ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನ ಜೀವಂತ ಸುಟ್ಟರು. ಕೋರ್ಟಿನಲ್ಲಿ ಎಲ್ಲ ಆರೋಪಿಗಳೂ ಖುಲಾಸೆ, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಮಂದಿ ಸುಟ್ಟುಹೋದರು, ಸುಟ್ಟವರು ಯಾರೂ ಇಲ್ಲ! ಮ್ಯಾನ್‌ಹೋಲ್ ಸುದ್ದಿಯೂ ಹಿಂಗ ಬರತೈತಿ: ‘ಉಸಿರುಗಟ್ಟಿ ಸಾವು’. ಇಳಿಸಿದವ ಯಾರು? ಇಂಥ ವಾಕ್ಯ ಓದಿ ಓದಿ ಸುಸ್ತಾದ ನಾವೇ ಕವಿತೆ ಬರೆಯೋವಾಗ ಅದೇ ವಾಕ್ಯ ಬರದ್ರ ಹೆಂಗ?

ದೂರ ಯಾಕ, ನಮ್ಮ ಹುನಗುಂದ ತಾಲೂಕಿನ ಐಹೊಳೆಗೆ ಹೋಗ್ರಿ. ಮೇಗುಟಿ ಗುಡಿಯ ಗೋಡೆಯಲ್ಲಿ ಕ್ರಿ.ಶ. 634ರ ಶಾಸನ ಐತಿ. ಬಾದಾಮಿಯ ಇಮ್ಮಡಿ ಪುಲಕೇಶಿಯನ್ನ ಹೊಗಳಿ ರವಿಕೀರ್ತಿ ಕೆತ್ತಿಸಿದ ಸಂಸ್ಕೃತ ಕಾವ್ಯ. ಯುದ್ಧದಲ್ಲಿ ಬಿದ್ದ ಆನೆಗಳು ಅದರಲ್ಲೂ ಬರತಾವ. ಯಾತಕ್ಕ? ಸೋತ ರಾಜ ಹರ್ಷನ ಹೆಸರಿನ ಮೇಲೆ ಒಂದು ಶ್ಲೇಷೆ ಕಟ್ಟೋಕೆ. ಅಷ್ಟು ಆನೆಗಳ ಹೆಣ, ಒಂದು ಪದದಾಟ! ಪ್ರವಾಸಿಗಳಿಗೆ ಗೈಡುಗಳು ಅದನ್ನ ಇವತ್ತಿಗೂ ಖುಷಿಯಿಂದ ಹೇಳತಾರ. ಆದರೂ ರವಿಕೀರ್ತಿಗೆ ಒಂದು ಮೆಚ್ಚುಗೆ ಕೊಡಬೇಕು. ಕೊಂದವ ನಮ್ಮ ದೊರೆ ಅಂತ ಎದೆ ತಟ್ಟಿ ಹೇಳ್ಯಾನ. ಪ್ರತಿರೋಧದ ಕವಿಗಳಾದ ನಾವು ‘ಯುದ್ಧವೇ, ಓ ಯುದ್ಧವೇ’ ಅಂತ ಬರೆದು ಕೈ ತೊಳಕೋತೀವಿ.

ತಂಗಿಗೆ ನಾನು ಹೇಳಿದ್ದು ಇಷ್ಟೇ: ಕತ್ತೆಯ ಮೈಮೇಲಿನ ಪಟ್ಟೆ ಚಂದ ಬಂದೈತಿ, ಅದನ್ನ ಬಿಡಬ್ಯಾಡ. ಮೇವಿನ ಲಾರಿ ಗಡಿಯಲ್ಲಿ ಯಾರ ಅಪ್ಪಣೆಯಿಂದ ನಿಂತಿತು ಅನ್ನೋದೂ ಒಂದು ಸಾಲು ಬರಲಿ. ಬ್ಯಾರಲ್ ಬಣ್ಣ ಕಲೆಸಿದ ಕೆಲಸಗಾರನೂ ಬರಲಿ. ಮನೆಯಲ್ಲಿ ಅವನ ಮಕ್ಕಳು ಏನು ಉಂಡರು ಅನ್ನೋದೂ ಕತ್ತೆಯ ಕತೆಯೊಳಗಿಂದೇ.

ಕೆಲಸಗಾರ ಅಂದಾಗ ಇನ್ನೊಂದು ನೆನಪಾಯ್ತು. ಯುದ್ಧ ಮುಗಿದ ಮೇಲೆ ಟೋಕಿಯೊ ಮಕ್ಕಳು ಒಂದು ಆನೆ ಕೊಡ್ರಿ ಅಂತ ನೆಹರೂಗೆ ಪತ್ರ ಬರೆದರು. 1949ರ ಸೆಪ್ಟೆಂಬರ್‌ನಲ್ಲಿ ಉಯೆನೊಗೆ ಹೋದ ಆನೆ ಇಂದಿರಾ, ನಮ್ಮ ಮೈಸೂರು ಸೀಮೆಯದು. ನೆಹರೂ ತಮ್ಮ ಮಗಳ ಹೆಸರಿಟ್ಟಿದ್ದರು. ಅದಕ್ಕೆ ತಿಳೀತಿದ್ದದ್ದು ಕನ್ನಡ. ಜೊತೆಗೆ ಹೋದ ಮಾವುತರು ಜಪಾನಿ ಪಾಲಕರಿಗೆ ಆ ಮಾತುಗಳನ್ನ ಹೇಳಿಕೊಟ್ಟರು. ಇಂದಿರಾ 1983ರವರೆಗೆ ಬದುಕಿತ್ತು. ನೆಹರೂ ಕಾಣಿಕೆ ಅಂತ ಎಲ್ಲರೂ ಹೊಗಳ್ತೀವಿ. ನನಗೆ ಮಾತ್ರ ಆ ಮಾವುತರ ಮೇಲೆ ಒಂದು ಕವಿತೆ ಬೇಕು: ಸೋತು ಸುಟ್ಟುಹೋದ ಒಂದು ಪಟ್ಟಣದಾಗ ನಿಂತು ‘ಬಾ’, ‘ನಿಲ್ಲು’ ಅಂತ ಕನ್ನಡ ಕಲಿಸಿದ ಮೇಷ್ಟ್ರುಗಳ ಮೇಲೆ.

ಮೈಸೂರು ಸೀಮೆಯ ಆನೆ ಅಂದ್ರೆ ಕಾಕನಕೋಟೆ ಖೆಡ್ಡಾ ಕಣ್ಮುಂದೆ ಬರತೈತಿ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆನೆಯ ಜಾಡು ಹಿಡಿದು ನಡೆದವರು, ಪಳಗಿಸಿದವರು ಜೇನುಕುರುಬರು. ದೊರೆಗಳು, ವೈಸರಾಯರು ಅಟ್ಟಣಿಗೆ ಮೇಲೆ ಕೂತು ನೋಡಿದರು. ಮುಂದೆ ಅದೇ ಜೇನುಕುರುಬರನ್ನ ವನ್ಯಜೀವಿ ಉಳಿಸೋ ಹೆಸರಲ್ಲಿ ನಾಗರಹೊಳೆಯಿಂದ ‘ಹೊರಹಾಕಲಾಯಿತು’. ಅಲ್ಲ, ತಿದ್ದಿ ಬರೀತೀನಿ: ಹೊರಹಾಕಿದ್ದು ಕರ್ನಾಟಕ ಸರ್ಕಾರ, ಅದರ ಅರಣ್ಯ ಇಲಾಖೆ.