ಬೋರ್‌ವೆಲ್ ಕೊರೆಸುವ ಮೊದಲು

ಬಾವಿ ನೀರಿಗೆ ವಾಸನೆ ಬಂತು ಎಂದರೆ ನಮ್ಮ ಮೊಹಲ್ಲಾಗಳಲ್ಲಿ ಎರಡೇ ಮಾತು. ಬ್ಲೀಚಿಂಗ್ ಪೌಡರ್ ಹಾಕುವಾ, ಇಲ್ಲವಾದರೆ ಬೋರ್‌ವೆಲ್ ಕೊರೆಸುವಾ. ನೀರಿನಲ್ಲಿ ಏನು ಸೇರಿದೆ ಎಂದು ಕೇಳುವವರು ಕಡಿಮೆ.

ಐದು ಸೆಂಟ್ಸಿನಲ್ಲಿ ಮನೆ, ಬಾವಿ, ಪಿಟ್ ಎಲ್ಲವೂ ಉಂಟು. ಪಕ್ಕದವರ ಪಿಟ್ ಗೋಡೆಯಾಚೆ. ಕೆಳಗೆ ಮುರಕಲ್ಲು, ಸ್ಪಂಜಿನ ಹಾಗೆ ನೀರು ಬಿಡುವ ಕಲ್ಲು. ಮಳೆಗಾಲದಲ್ಲಿ ಯಾರ ಪಿಟ್‌ನ ನೀರು ಯಾರ ಬಾವಿಗೆ ಹೋಗುತ್ತದೆ ಎಂದು ಮೇಲೆ ನಿಂತು ಹೇಳಲಿಕ್ಕೆ ಯಾರಿಂದಲೂ ಆಗದು. ರೋಗಾಣು ಮಾತ್ರ ಇದ್ದರೆ ಕ್ಲೋರಿನ್ ಅಥವಾ ಕುದಿಸುವುದು ಸಾಕು. ಆದರೆ ನೈಟ್ರೇಟ್ ಸೇರಿದ್ದರೆ ಬ್ಲೀಚಿಂಗಿನಿಂದ ಏನೂ ಆಗುವುದಿಲ್ಲ, ಕುದಿಸಿದರೆ ನೀರು ಆವಿಯಾಗಿ ಅದರ ಪ್ರಮಾಣ ಇನ್ನೂ ಹೆಚ್ಚುತ್ತದೆ. ಬಾಟಲಿ ಹಾಲು ಕುಡಿಯುವ ಎಳೆಮಗುವಿಗೆ ಅದು ಅಪಾಯ. ಬೋರ್‌ವೆಲ್ಲೂ ಖಾತ್ರಿಯಲ್ಲ, ಬಂಡೆಯ ಬಿರುಕಿನಲ್ಲಿ ಕೊಳಕು ಕೆಳಗೂ ಇಳಿಯಬಹುದು. ಸಾಲ ಮಾಡಿ ಕೊರೆಸಿದ ಮೇಲೆ ಅದು ಗೊತ್ತಾದರೆ?

ಹಾಗಾಗಿ ಮೊದಲ ಖರ್ಚು ಪರೀಕ್ಷೆಗೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು, 100 ಮಿಲಿಲೀಟರ್ ನೀರಿನಲ್ಲಿ ಇ-ಕೊಲೈ ಇರಲೇಬಾರದು. ಬೇಸಿಗೆಯ ಒಂದು ವರದಿ ನೋಡಿ ನಿಶ್ಚಿಂತರಾಗಬೇಡಿ, ಮಳೆ ಹಿಡಿದ ಮೇಲೆ ಇನ್ನೊಮ್ಮೆ ಮಾಡಿಸಿ. ಹಾಗೆಂದು ಎಲ್ಲದಕ್ಕೂ ಪರೀಕ್ಷೆ ಬೇಕಿಲ್ಲ. ಪಿಟ್ ಒಡೆದು ಬಾವಿಗೆ ಇಳಿಯುವುದು ಕಣ್ಣಿಗೆ ಕಾಣುತ್ತಿದ್ದರೆ ವರದಿಗೆ ಕಾಯಬೇಡಿ ಮಾರಾಯ್ರೆ, ಮೊದಲು ಪಿಟ್ ಸರಿ ಮಾಡಿಸಿ. ಫಲಿತಾಂಶ ಹೇಗೆ ಬಂದರೂ ಮಾಡುವ ಕೆಲಸ ಅದೇ ಆಗಿದ್ದರೆ ಪರೀಕ್ಷೆಯ ದುಡ್ಡು ದಂಡ.

ಊರಿನ ಮಟ್ಟದಲ್ಲೂ ಲೆಕ್ಕ ಇದೇ, ಮೊತ್ತ ಮಾತ್ರ ದೊಡ್ಡದು. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರದ ಮನೆ-ತೋಟಗಳನ್ನು ಮುಚ್ಚಿತು, ಹಲವು ಕುಟುಂಬಗಳು ಮನೆ ಬಿಡಬೇಕಾಯಿತು. ಅಂಥ ಕಡೆ ಕಸ ತೆಗೆದರೂ ನೆಲಕ್ಕೆ ಇಳಿದ ಕೊಳಕು ಒಮ್ಮೆಲೇ ಹೋಗುವುದಿಲ್ಲ. ಅಮೆರಿಕದಲ್ಲಿ ಅಂತರ್ಜಲವನ್ನು ಪಂಪ್ ಮಾಡಿ ಶುದ್ಧೀಕರಿಸುತ್ತಿದ್ದ 77 ಜಾಗಗಳನ್ನು ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ ಪರಿಶೀಲಿಸಿ 1994ರಲ್ಲಿ ವರದಿ ಕೊಟ್ಟಿತ್ತು. ಬಹುತೇಕ ಕಡೆ ಗುರಿ ಮುಟ್ಟಿರಲಿಲ್ಲ. ಅಷ್ಟು ದುಡ್ಡಿರುವ ದೇಶದ ಕತೆಯೇ ಹೀಗೆ.

ಇದರಿಂದ ಕೈಕಟ್ಟಿ ಕೂರಬೇಕು ಎಂದಲ್ಲ. ಕಸದ ರಾಶಿಯ ಸುತ್ತಲಿನ ಮನೆಗಳಿಗೆ ನಳ್ಳಿ ನೀರು ಕೊಟ್ಟರೆ ಆ ದುಡ್ಡು ಯಾವ ವರದಿ ಬಂದರೂ ವ್ಯರ್ಥವಾಗದು. ಕಸದಿಂದ ಇಳಿಯುವ ಕಪ್ಪು ನೀರನ್ನು ತಡೆಯುವುದೂ ಹಾಗೆಯೇ. ಕೋಟಿಗಟ್ಟಲೆಯ ಅಂತರ್ಜಲ ಶುದ್ಧೀಕರಣವನ್ನು ಮಾತ್ರ ಸುತ್ತಲಿನ ಬಾವಿಗಳನ್ನು ಕೆಲವು ಮಳೆಗಾಲ ಅಳೆದು ನೋಡಿದ ಮೇಲೆ ನಿರ್ಧರಿಸಬಹುದು. "ವರದಿ ಬರಲಿ" ಎಂಬ ಮಾತು ಈ ಕೊನೆಯದಕ್ಕೆ ಸರಿ, ಮೊದಲ ಎರಡಕ್ಕೆ ಬರೀ ನೆಪ. ಕಾಯುವ ಖರ್ಚು ಕಚೇರಿಗೆ ತಟ್ಟುವುದಿಲ್ಲ, ಟ್ಯಾಂಕರಿಗೆ ದುಡ್ಡು ಕೊಡುವ ಮನೆಗೆ ತಟ್ಟುತ್ತದೆ.

ಜಮಾಅತ್ ಕಮಿಟಿಗಳಲ್ಲಿ ನಮ್ಮದೊಂದು ವಿನಂತಿ. ಈ ಸಲ ಮಸೀದಿಯ ಬಾವಿ ಮತ್ತು ಸುತ್ತಲಿನ ನಾಲ್ಕೈದು ಮನೆಗಳ ಬಾವಿ ನೀರನ್ನು ಮೇ ತಿಂಗಳಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ನೋಟಿಸ್ ಬೋರ್ಡಿಗೆ ಹಾಕಿಬಿಡಿ. ಬೋರ್‌ವೆಲ್‌ಗೆ ವಂತಿಗೆ ಎತ್ತುವ ಮಾತು ಆಮೇಲೆ ಆಡುವಾ.